ಗುಂಡಿಲ್ಲದ ಬಂದೂಕು

ಮನೆಯ ಆಟದ ಪೆಟ್ಟಿಗೆಗೆ ಬೆಳಕಿನ ಬಂದೂಕನ್ನು ಆರಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಜಾತ್ರೆಯ ಬಲೂನಿಗೆ ಒಮ್ಮೆಯಾದರೂ ಗುರಿಯಿಟ್ಟು ಹೊಡೆಯದವರು ನಮ್ಮಲ್ಲಿ ವಿರಳ. ಹಲಗೆಯ ಮೇಲೆ ಸಾಲುಗಟ್ಟಿದ ಬಣ್ಣದ ಬಲೂನುಗಳು, ಭುಜಕ್ಕೆ ಒತ್ತಿಕೊಂಡ ಗಾಳಿಬಂದೂಕು, ಒಂದು ಕಣ್ಣು ಮುಚ್ಚಿ ಉಸಿರನ್ನು ಬಿಗಿಹಿಡಿದ ಆ ಅರೆಕ್ಷಣ. ಇದರ ಸೊಗಸಿಗೆ ಹಿರಿಯರು ಕಿರಿಯರೆಂಬ ಭೇದವಿಲ್ಲ. ಗುರಿ ಹೊಡೆಯುವ ಚಪಲ ಮನುಷ್ಯನಿಗೆ ಎಷ್ಟು ಸಹಜವೆಂದರೆ, ಮನೆಯ ಟೀವಿಗೆ ಆಟದ ಯಂತ್ರ ಬಂದ ವರ್ಷವೇ ಅದರ ಜೊತೆಗೆ ಬಂದೂಕೂ ಬಂದಿತು.

ಆರ್ಕೇಡ್ ಎಂದರೆ ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ ಮನೋರಂಜನೆಯ ಅಂಗಡಿ. ಅಲ್ಲಿನ ಆಳೆತ್ತರದ ಮರದ ಪೆಟ್ಟಿಗೆಯನ್ನು ಮನೆಯಲ್ಲಿಯೇ ಕಟ್ಟಿಕೊಳ್ಳುವ ಹವ್ಯಾಸವೊಂದು ಈಚಿನ ವರ್ಷಗಳಲ್ಲಿ ಹಬ್ಬಿದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ಹೆಚ್ಚು. ನಮ್ಮಲ್ಲಿಯೂ ಅಲ್ಲೊಬ್ಬರು ಇಲ್ಲೊಬ್ಬರು. ಬಡಗಿಯಿಂದ ಪೆಟ್ಟಿಗೆ ಮಾಡಿಸಿ, ಒಳಗೊಂದು ಪರದೆಯನ್ನೂ ಪುಟ್ಟ ಕಂಪ್ಯೂಟರನ್ನೂ ಕೂರಿಸಿ, ಹಲಗೆಯ ಮೇಲೆ ಗುಂಡಿಗಳನ್ನೂ ಹಿಡಿಕೆಗಳನ್ನೂ ಜೋಡಿಸಿದರೆ ಅರ್ಧ ಕೆಲಸ ಮುಗಿದಂತೆ. ಕೊನೆಗೆ ಬರುವುದು ಬಂದೂಕಿನ ಸರದಿ. ಎಡವುವುದೂ ಅಲ್ಲಿಯೇ.

ದೂರದೇಶದಿಂದ ತರಿಸಿ, ಸುಂಕವನ್ನೂ ತೆತ್ತು, ಮಕ್ಕಳೆಲ್ಲ ಸುತ್ತ ನಿಂತಿರುವಾಗ ಪೊಟ್ಟಣ ಬಿಚ್ಚಿ ಬಂದೂಕನ್ನು ಜೋಡಿಸುತ್ತಾರೆ. ಆಟ ಆರಂಭವಾಗುತ್ತದೆ; ಶಬ್ದವೂ ಬರುತ್ತದೆ. ಆದರೆ ಎಷ್ಟು ಸಲ ಹೊಡೆದರೂ ಒಂದು ಹಕ್ಕಿಯೂ ಬೀಳುವುದಿಲ್ಲ. ಬಂದೂಕು ಕೆಟ್ಟಿದೆಯೆಂದು ಮಾರಿದವನನ್ನು ಶಪಿಸುವುದು ಸುಲಭ. ಅನೇಕ ವೇಳೆ ಬಂದೂಕಿನಲ್ಲಿ ದೋಷವೇ ಇರುವುದಿಲ್ಲ. ಪರದೆಗೂ ಬಂದೂಕಿಗೂ ಜಾತಕ ಕೂಡಿರುವುದಿಲ್ಲ, ಅಷ್ಟೆ. ಈ ಜಾತಕವನ್ನು ಮೊದಲೇ ನೋಡುವುದು ಹೇಗೆ ಎಂಬುದೇ ಇಲ್ಲಿಯ ವಿಷಯ.

ಬೆಳಕು ಹೊರಡುವುದೆಲ್ಲಿಂದ?

ಬೆಳಕಿನ ಬಂದೂಕೆಂಬ ಹೆಸರನ್ನು ಕೇಳಿದವರು ಅದರ ನಳಿಗೆಯಿಂದ ಬೆಳಕು ಚಿಮ್ಮುತ್ತದೆಂದು ಭಾವಿಸುವುದುಂಟು. ಮೊಟ್ಟಮೊದಲು ಹಾಗೆಯೇ ಇದ್ದಿತು. ಅಮೆರಿಕದ ಸೀಬರ್ಗ್ ಕಂಪೆನಿಯು ೧೯೩೬ರಲ್ಲಿ ‘ರೇ-ಓ-ಲೈಟ್’ ಎಂಬ ನಾಣ್ಯದ ಯಂತ್ರವನ್ನು ಹೊರತಂದಿತು. ಅದರಲ್ಲಿ ಬಂದೂಕು ಬೆಳಕನ್ನು ಚೆಲ್ಲುತ್ತಿತ್ತು; ಓಡುವ ಬಾತುಕೋಳಿಯ ಮೈಯಲ್ಲಿ ಬೆಳಕನ್ನು ಗುರುತಿಸುವ ಕೋಶವಿತ್ತು. ಬೆಳಕು ತಾಗಿದರೆ ಬಾತುಕೋಳಿ ಬಿದ್ದಂತೆ.

ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಇಸ್ಪೀಟಿನಂಥ ಎಲೆಗಳನ್ನು ಮಾಡುವ ಅಂಗಡಿಯಾಗಿ ಹುಟ್ಟಿದ ನಿಂಟೆಂಡೊ ಸಂಸ್ಥೆಯೂ ೧೯೭೦ರಲ್ಲಿ ಇದೇ ತತ್ತ್ವದ ಆಟಿಕೆ ಬಂದೂಕನ್ನು ಮಾರಿತು. ಎಲೆ ತಯಾರಿಸುವ ಯಂತ್ರಗಳ ಉಸ್ತುವಾರಿಗೆಂದು ಸೇರಿದ್ದ ಗುನ್ಪೇ ಯೊಕೊಯ್ ಅದರ ರೂಪಕರ್ತ. ಷಾರ್ಪ್ ಕಂಪೆನಿಯಲ್ಲಿ ಸೌರಕೋಶಗಳ ವ್ಯವಹಾರ ನೋಡಿಕೊಳ್ಳುತ್ತಿದ್ದ ಮಸಯುಕಿ ಉಎಮುರಾ ಅವರಿಗೆ ನೆರವಾದವರು. ಬಿಸಿಲಿನಿಂದ ವಿದ್ಯುತ್ತು ಮಾಡುವ ಸೌರಕೋಶವೇ ಬಂದೂಕಿನ ಬೆಳಕನ್ನು ಹಿಡಿಯುವ ಗುರಿಯಾಯಿತು! ಮುಂದೆ ಉಎಮುರಾ ನಿಂಟೆಂಡೊವನ್ನೇ ಸೇರಿ, ೧೯೮೩ರಲ್ಲಿ ಬಂದ ‘ಫ್ಯಾಮಿಕಾಮ್’ ಎಂಬ ಲೋಕಪ್ರಸಿದ್ಧ ಆಟದ ಯಂತ್ರವನ್ನು ರೂಪಿಸಿದರು.

ಆದರೆ ಟೀವಿಯ ಪರದೆಯೊಳಗಿನ ಹಕ್ಕಿಗೆ ಮೈಯೆಲ್ಲಿ, ಕೋಶವೆಲ್ಲಿ? ಆದ್ದರಿಂದ ಇಲ್ಲಿ ವ್ಯವಸ್ಥೆ ತಿರುವುಮುರುವಾಯಿತು. ಬೆಳಕನ್ನು ಚೆಲ್ಲುವ ಕೆಲಸ ಪರದೆಗೆ. ಅದನ್ನು ಕಾಣುವ ಕೆಲಸ ಬಂದೂಕಿಗೆ. ಟೀವಿಯ ಬಂದೂಕಿನ ನಳಿಗೆಯೊಳಗೆ ಇರುವುದು ಒಂದು ಮಸೂರ ಮತ್ತು ಬೆಳಕು ಬಿದ್ದರೆ ವಿದ್ಯುತ್ತಿನ ಸಂಜ್ಞೆ ಕೊಡುವ ಒಂದು ಸಣ್ಣ ಕೋಶ. ಅಂದರೆ ಅದು ಬಂದೂಕಿನ ವೇಷ ಹಾಕಿದ ಕಣ್ಣು. ಈ ಕಣ್ಣು ಏನನ್ನು ನೋಡಿ ತನ್ನ ಗುರಿಯನ್ನು ತಿಳಿಯುತ್ತದೆ ಎಂಬ ಒಂದೇ ಪ್ರಶ್ನೆಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ, ಅಂಗಡಿಯವನ ಉಳಿದೆಲ್ಲ ಮಾತುಗಳನ್ನು ತೂಗಿ ನೋಡಬಹುದು.

ಗಾಜಿನ ಹಿಂದೆ ಓಡುವ ಲಾಳಿ

ಹಳೆಯ ಡಬ್ಬದಂಥ ಟೀವಿಯಲ್ಲಿ ಗಾಜಿನ ಕೊಳವೆಯೊಂದಿತ್ತು. ಅದರ ಹಿಂಭಾಗದಿಂದ ಹೊರಟ ಎಲೆಕ್ಟ್ರಾನುಗಳ ಧಾರೆ, ಮುಂಭಾಗದ ಒಳಮೈಗೆ ಬಳಿದ ಲೇಪಕ್ಕೆ ಬಡಿದಾಗ ಆ ಬಿಂದು ಹೊಳೆಯುತ್ತಿತ್ತು. ಮಗ್ಗದಲ್ಲಿ ಲಾಳಿ ಓಡುವಂತೆ ಈ ಧಾರೆ ಎಡದಿಂದ ಬಲಕ್ಕೆ ಒಂದು ಗೆರೆ ಎಳೆದು, ಮರಳಿ ಬಂದು ಅದರ ಕೆಳಗೆ ಇನ್ನೊಂದನ್ನು ಎಳೆಯುತ್ತ ಇಡೀ ಚಿತ್ರವನ್ನು ನೇಯುತ್ತಿತ್ತು. ನಮ್ಮ ದೇಶದ ಪದ್ಧತಿಯಲ್ಲಿ ಒಂದು ಚಿತ್ರಕ್ಕೆ ೬೨೫ ಗೆರೆಗಳು. ಸೆಕೆಂಡಿಗೆ ೨೫ ಚಿತ್ರಗಳು. ಲೆಕ್ಕ ಹಾಕಿದರೆ ಸೆಕೆಂಡೊಂದಕ್ಕೆ ೧೫,೬೨೫ ಗೆರೆಗಳಾದವು. ಒಂದು ಗೆರೆಗೆ ಸಿಕ್ಕುವ ಕಾಲ ಸೆಕೆಂಡಿನ ಹತ್ತು ಲಕ್ಷದಲ್ಲಿ ೬೪ ಭಾಗ ಮಾತ್ರ. ಅಮೆರಿಕ ಮತ್ತು ಜಪಾನುಗಳಲ್ಲಿ ೫೨೫ ಗೆರೆಗಳ ಪದ್ಧತಿಯಿದ್ದರೂ ಗೆರೆಗಳ ವೇಗ ಹೆಚ್ಚುಕಡಿಮೆ ಇಷ್ಟೇ.

ನಮ್ಮ ಕಣ್ಣಿಗೆ ಇಡೀ ಚಿತ್ರ ಒಟ್ಟಿಗೆ ಕಂಡರೂ, ಯಾವುದೇ ಒಂದು ಕ್ಷಣದಲ್ಲಿ ನಿಜವಾಗಿ ಪ್ರಜ್ವಲಿಸುತ್ತಿರುವುದು ಧಾರೆ ಬಡಿಯುತ್ತಿರುವ ಆ ಒಂದು ಚುಕ್ಕೆ. ಹಳೆಯ ಬಂದೂಕುಗಳ ಗುಟ್ಟೆಲ್ಲವೂ ಈ ಓಡುವ ಚುಕ್ಕೆಯಲ್ಲಿ ಅಡಗಿದೆ.

ಅಮೆರಿಕದ ಮ್ಯಾಗ್ನವಾಕ್ಸ್ ಕಂಪೆನಿ ೧೯೭೨ರಲ್ಲಿ ಹೊರತಂದ ‘ಒಡಿಸ್ಸಿ’ ಎಂಬ ಯಂತ್ರವೇ ಮನೆಯ ಟೀವಿಗೆ ಜೋಡಿಸುವ ಮೊದಲನೆಯ ಆಟದ ಯಂತ್ರ. ಅದನ್ನು ಕಲ್ಪಿಸಿದವರು ರಾಲ್ಫ್ ಬೇರ್. ಅದಕ್ಕೊಂದು ಉದ್ದನೆಯ ರೈಫಲನ್ನು ಪ್ರತ್ಯೇಕವಾಗಿ ಮಾರುತ್ತಿದ್ದರು. ಪಾಪ, ಆ ಬಂದೂಕು ತೀರ ಮುಗ್ಧ. ಎದುರಿಗೆ ಪ್ರಕಾಶ ಕಂಡರೆ ಗುರಿ ಸಿಕ್ಕಿತೆಂದು ನಂಬುತ್ತಿತ್ತು. ಟೀವಿಯನ್ನು ಬಿಟ್ಟು ಕೋಣೆಯ ವಿದ್ಯುದ್ದೀಪದ ಕಡೆ ತಿರುಗಿಸಿ ಹೊಡೆದವನೂ ಅದರ ಪಾಲಿಗೆ ಅರ್ಜುನನೇ!

ಈ ಮೋಸವನ್ನು ತಡೆದ ರೀತಿ ಜಾಣತನದ್ದು. ನಿಂಟೆಂಡೊ ಸಂಸ್ಥೆಯ ‘ಡಕ್ ಹಂಟ್’ ಎಂಬ ಬಾತುಕೋಳಿ ಬೇಟೆಯ ಆಟ ೧೯೮೪ರಲ್ಲಿ ಜಪಾನಿನಲ್ಲಿಯೂ ಮರುವರ್ಷ ಅಮೆರಿಕದಲ್ಲಿಯೂ ಮನೆಮನೆಗೆ ಬಂದಿತು. ಗುರಿ ತಪ್ಪಿದಾಗ ಹುಲ್ಲಿನ ಮರೆಯಿಂದ ಎದ್ದು ಕಿಸಿಕಿಸಿ ನಗುವ ನಾಯಿಯೊಂದು ಅದರಲ್ಲಿತ್ತು. ಅದಕ್ಕೇ ಗುಂಡು ಹಾಕಲು ಯತ್ನಿಸದ ಬಾಲಕರು ಕಡಿಮೆ. ಆಟಗಾರನು ಬಂದೂಕಿನ ಕುದುರೆಯನ್ನು ಎಳೆದೊಡನೆ ಇಡೀ ಪರದೆ ಒಂದು ಚಿತ್ರದ ಕಾಲ ಕಪ್ಪಾಗುತ್ತದೆ. ಮರುಚಿತ್ರದಲ್ಲಿ ಬಾತುಕೋಳಿಯಿದ್ದ ಜಾಗದಲ್ಲಿ ಮಾತ್ರ ಬಿಳಿಯ ಚೌಕ ಮೂಡುತ್ತದೆ. ಮೊದಲು ಕತ್ತಲೆ, ಅನಂತರ ಬೆಳಕು, ಈ ಕ್ರಮದಲ್ಲಿ ಕಂಡರೆ ಮಾತ್ರ ಗುರಿ ತಾಗಿದಂತೆ. ಸದಾ ಉರಿಯುವ ದೀಪಕ್ಕೆ ಹಿಡಿದ ಬಂದೂಕಿಗೆ ಕತ್ತಲೆ ಕಾಣುವುದಿಲ್ಲವಾದ್ದರಿಂದ ಕಳ್ಳತನ ಬಯಲಾಗುತ್ತದೆ. ಎರಡು ಬಾತುಕೋಳಿಗಳಿದ್ದರೆ ಎರಡು ಚೌಕಗಳು ಒಂದಾದ ಮೇಲೊಂದು ಮೂಡುತ್ತವೆ. ಸಾಲದುದಕ್ಕೆ, ಗೆರೆಗಳು ಓಡುವ ವೇಗಕ್ಕೆ ಸರಿಹೊಂದುವ ಮಿಡಿತವನ್ನಷ್ಟೇ ಒಪ್ಪುವ ಸೋಸುವ ವ್ಯವಸ್ಥೆಯೂ ಬಂದೂಕಿನೊಳಗೆ ಇತ್ತು.

ಎರಡನೆಯ ಉಪಾಯ ಇನ್ನೂ ಸೂಕ್ಷ್ಮವಾದುದು. ಚಿತ್ರ ಆರಂಭವಾದ ಗಳಿಗೆಯಿಂದ ಎಣಿಸಿ, ಓಡುವ ಚುಕ್ಕೆ ಬಂದೂಕಿನ ಕಣ್ಣಿಗೆ ಬಿದ್ದ ಗಳಿಗೆಯನ್ನು ಅಳೆದರೆ, ಬಂದೂಕು ಎಷ್ಟನೆಯ ಗೆರೆಯ ಎಷ್ಟನೆಯ ಭಾಗವನ್ನು ನೋಡುತ್ತಿದೆಯೆಂಬುದು ಗೊತ್ತಾಗುತ್ತದೆ. ನಾಮ್ಕೊ ಸಂಸ್ಥೆಯ ‘ಗನ್‌ಕಾನ್’ ಬಂದೂಕು, ‘ಟೈಮ್ ಕ್ರೈಸಿಸ್’ ಆಟದೊಡನೆ ೧೯೯೭ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕೆ ಬಂದಾಗ ಇದೇ ಗಣಿತವನ್ನು ಬಳಸಿತು. ಟೀವಿಗೆ ಹೋಗುವ ಹಳದಿ ತಂತಿಯಿಂದಲೇ ಒಂದು ಕವಲು ತೆಗೆದು ಬಂದೂಕಿಗೆ ಕೊಟ್ಟು ಅದು ಕಾಲವನ್ನು ಅಳೆಯುವಂತೆ ಮಾಡಿದ್ದರು.

ಚಪ್ಪಟೆ ಟೀವಿಯ ಮುಂದೆ ಕುರುಡು

ಇಂದು ಮನೆಗಳಲ್ಲಿರುವ ಚಪ್ಪಟೆ ಟೀವಿಯಲ್ಲಿ ಓಡುವ ಚುಕ್ಕೆಯಿಲ್ಲ. ಪರದೆಯ ಹಿಂದಿನಿಂದ ದೀಪ ಬೆಳಗುತ್ತಿರುತ್ತದೆ. ಪ್ರತಿಯೊಂದು ಕಣವೂ ಮುಂದಿನ ಚಿತ್ರ ಬರುವತನಕ ತನ್ನ ಬಣ್ಣವನ್ನು ಹಿಡಿದುಕೊಂಡೇ ಇರುತ್ತದೆ. ಮೇಲಾಗಿ, ಬಂದ ಚಿತ್ರವನ್ನು ಹಸನುಗೊಳಿಸಿ ತೋರಿಸುವಷ್ಟರಲ್ಲಿ ಕೊಂಚ ಕಾಲ ಕಳೆದಿರುತ್ತದೆ. ಕತ್ತಲೆ ಬೆಳಕಿನ ಕ್ರಮವನ್ನು ನಿಗದಿಯಾದ ಗಳಿಗೆಯಲ್ಲೇ ನಿರೀಕ್ಷಿಸುವ ಹಳೆಯ ಬಂದೂಕು ಅದರ ಮುಂದೆ ಕುರುಡಾಗುತ್ತದೆ. ಟೀವಿ ಎಷ್ಟು ದುಬಾರಿಯದಾದರೂ ಈ ಮಾತು ಸುಳ್ಳಾಗದು.

೧೯೯೦ರ ದಶಕದಲ್ಲಿ ನಿಂಟೆಂಡೊ ಯಂತ್ರದ ಅನುಕರಣೆಗಳು ನಮ್ಮ ನಗರಗಳ ಅಂಗಡಿಗಳಲ್ಲಿಯೂ ‘ವಿಡಿಯೋ ಗೇಮ್’ ಎಂಬ ಹೆಸರಿನಿಂದ ಧಾರಾಳವಾಗಿ ಮಾರಾಟವಾದವು. ಬಾತುಕೋಳಿ ಹೊಡೆಯುವ ಬಂದೂಕು ಅನೇಕವುಗಳ ಡಬ್ಬದಲ್ಲೇ ಬರುತ್ತಿತ್ತು. ಅಂದಿನ ಬಾಲಕರು ಇಂದು ತಂದೆತಾಯಿಗಳಾಗಿದ್ದಾರೆ. ಅಟ್ಟದಿಂದ ಆ ಬಂದೂಕನ್ನು ಇಳಿಸಿ, ಧೂಳು ಒರೆಸಿ, ಮಕ್ಕಳಿಗೆ ತೋರಿಸಲು ಹೊರಟು ಪೆಚ್ಚಾದವರು ಉಂಟು. ಅವರು ತಿಳಿಯಬೇಕಾದುದಿಷ್ಟು: ಹಳೆಯ ಬಂದೂಕು, ಹಳೆಯ ಯಂತ್ರ, ಹಳೆಯ ಟೀವಿ, ಈ ಮೂರೂ ಒಂದೇ ಮನೆಯವು. ಒಂದನ್ನು ಬಿಟ್ಟು ಇನ್ನೊಂದು ಬಾಳುವುದಿಲ್ಲ.

ಆ ಮೂರೂ ಸುಸ್ಥಿತಿಯಲ್ಲಿದ್ದರೆ ಅದೊಂದು ಭಾಗ್ಯವೇ ಸರಿ. ಓಡುವ ಚುಕ್ಕೆಯನ್ನೇ ಕಾಣುವ ಬಂದೂಕಿನ ನಿಖರತೆ ಇಂದಿಗೂ ಮೆಚ್ಚುವಂಥದು. ಆದರೆ ಕೊಳವೆಯ ಟೀವಿಯನ್ನು ಗುಜರಿಯಿಂದ ತಂದು ಪೆಟ್ಟಿಗೆಯಲ್ಲಿ ಕೂರಿಸುವ ಯೋಚನೆಯುಳ್ಳವರು ಎರಡು ವಿಷಯಗಳನ್ನು ಮರೆಯಬಾರದು. ಮೊದಲನೆಯದು ತೂಕ; ದೊಡ್ಡ ಕೊಳವೆಯ ಟೀವಿಯನ್ನು ಎತ್ತಲು ಇಬ್ಬರು ಗಟ್ಟಿಗರು ಬೇಕು, ಪೆಟ್ಟಿಗೆಯ ಹಲಗೆಯೂ ಗಟ್ಟಿಯಾಗಿರಬೇಕು. ಎರಡನೆಯದು ಪ್ರಾಣದ ಮಾತು. ಬಣ್ಣದ ಟೀವಿಯ ಕೊಳವೆಗೆ ೨೦,೦೦೦ ವೋಲ್ಟುಗಳಿಗೂ ಮೀರಿದ ಒತ್ತಡದ ವಿದ್ಯುತ್ತು ಹರಿಯುತ್ತದೆ. ಪ್ಲಗ್ಗನ್ನು ಕಿತ್ತ ಮೇಲೂ ಅದು ಕೊಳವೆಯಲ್ಲಿ ಉಳಿದಿರಬಹುದು. ಟೀವಿಯ ಹೊರಕವಚವನ್ನು ಬಿಚ್ಚುವ ಕೆಲಸವನ್ನು ಬಲ್ಲ ಕುಶಲಿಗೆ ಬಿಡುವುದೇ ವಿವೇಕ.

ಹೊಸ ಕಾಲದ ಮೂರು ಕಣ್ಣುಗಳು

ಚಪ್ಪಟೆ ಪರದೆಯನ್ನು ಹಾಕಿಸುವವರೇ ಹೆಚ್ಚಾದ್ದರಿಂದ, ಅದಕ್ಕೆ ಒಗ್ಗುವ ಬಂದೂಕುಗಳನ್ನು ವಿಸ್ತಾರವಾಗಿ ನೋಡೋಣ. ಇವುಗಳ ನಳಿಗೆಯಲ್ಲಿ ಬರಿಯ ಕೋಶದ ಬದಲು ಸಣ್ಣ ಕ್ಯಾಮೆರಾ ಇರುತ್ತದೆ. ಆ ಕ್ಯಾಮೆರಾ ನೋಡುವ ವಸ್ತು ಯಾವುದೆಂಬುದರ ಮೇಲೆ ಮೂರು ಬಗೆ.

ಮೊದಲನೆಯದು ಎರಡು ದೀಪಗಳ ಬಗೆ. ನಿಂಟೆಂಡೊ ೨೦೦೬ರಲ್ಲಿ ತಂದ ‘ವೀ’ ಯಂತ್ರದಿಂದ ಇದು ಜನಪ್ರಿಯವಾಯಿತು. ಟೀವಿಯ ಮೇಲೋ ಕೆಳಗೋ ಒಂದು ಪಟ್ಟಿಯನ್ನು ಇಡುತ್ತಾರೆ. ಅದರ ಎರಡು ತುದಿಗಳಲ್ಲಿ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ದೀಪಗಳಿರುತ್ತವೆ, ಟೀವಿಯ ರಿಮೋಟಿನಲ್ಲಿರುವಂಥವೇ. ಪಟ್ಟಿಗೆ ತನ್ನದೇ ಬುದ್ಧಿಯೇನೂ ಇಲ್ಲ. ಅದರ ಬದಲಿಗೆ ಎರಡು ಮೇಣದ ಬತ್ತಿಗಳನ್ನು ಹಚ್ಚಿಟ್ಟು ಆಡಿದವರಿದ್ದಾರೆ, ಏಕೆಂದರೆ ಬತ್ತಿಯ ಉರಿಯಲ್ಲಿಯೂ ಅವಕೆಂಪು ಕಿರಣವುಂಟು! ಇಂಗ್ಲೆಂಡಿನ ಅಲ್ಟಿಮಾರ್ಕ್ ಸಂಸ್ಥೆಯ ‘ಏಮ್‌ಟ್ರ್ಯಾಕ್’ ಬಂದೂಕು ಇದೇ ಪಂಗಡದ್ದು. ಮನೆಯ ಪೆಟ್ಟಿಗೆ ಕಟ್ಟುವವರಲ್ಲಿ ಅದು ಬಹುಕಾಲದಿಂದ ಪರಿಚಿತ. ಜೋಡಣೆ ಸುಲಭವೆಂಬುದು ಈ ಬಗೆಯ ಹೆಚ್ಚಳ. ಆದರೆ ಎರಡೇ ದೀಪಗಳನ್ನು ನೋಡುವ ಕಣ್ಣಿಗೆ ಆಟಗಾರನು ನಿಂತ ಕೋನದ ಪೂರ್ಣಜ್ಞಾನವಿರುವುದಿಲ್ಲ. ಒಂದೆಡೆ ನಿಂತು ಗುರಿಯನ್ನು ಸರಿಪಡಿಸಿಕೊಂಡು, ಅಲ್ಲಿಂದ ಪಕ್ಕಕ್ಕೋ ಹಿಂದಕ್ಕೋ ಸರಿದರೆ ಗುಂಡು ಬೀಳುವ ಜಾಗವೂ ಸರಿಯುತ್ತದೆ. ನಿಂತಲ್ಲೇ ನಿಂತು ಆಡುವವರಿಗೆ ಇದು ಸಾಕು. ಅಣ್ಣ ಆಡಿದ ಮೇಲೆ ಮೊಳದಷ್ಟು ಕುಳ್ಳಾದ ತಂಗಿ ಆಡುವ ಮನೆಯಲ್ಲಿ ಜಗಳಕ್ಕೆ ಕಾರಣವಾದೀತು.

ಎರಡನೆಯದು ನಾಲ್ಕು ದೀಪಗಳ ಬಗೆ. ಪರದೆಯ ನಾಲ್ಕು ಮೂಲೆಗಳಲ್ಲೋ ನಾಲ್ಕು ಅಂಚುಗಳ ನಡುವೆಯೋ ಅವಕೆಂಪು ದೀಪಗಳನ್ನು ಕೂರಿಸುತ್ತಾರೆ. ನಾಲ್ಕು ಬಿಂದುಗಳು ಕಂಡರೆ, ಪಕ್ಕದಿಂದ ನೋಡಿದಾಗ ಚೌಕ ಹೇಗೆ ಓರೆಯಾಗುತ್ತದೆಂಬ ರೇಖಾಗಣಿತದಿಂದ ಬಂದೂಕಿನ ನೇರವನ್ನು ಸರಿಯಾಗಿ ಲೆಕ್ಕ ಹಾಕಬಹುದು. ಆಟಗಾರನು ಎಲ್ಲಿಗೆ ಸರಿದರೂ ನಳಿಗೆ ತೋರಿದೆಡೆಗೇ ಗುಂಡು. ‘ಗನ್‌ಫೋರ್‌ಐಆರ್’ ಮತ್ತು ‘ಓಪನ್‌ಫೈರ್’ ಎಂಬುವು ಈ ಪಂಗಡದಲ್ಲಿ ಹೆಸರಾದ ಯೋಜನೆಗಳು. ಪುಟ್ಟ ಎಲೆಕ್ಟ್ರಾನಿಕ್ ಹಲಗೆ, ಕ್ಯಾಮೆರಾ ಮತ್ತು ದೀಪಗಳನ್ನು ಬಿಡಿಬಿಡಿಯಾಗಿ ಕೊಂಡು, ಯಾವುದಾದರೂ ಆಟಿಕೆ ಬಂದೂಕಿನೊಳಗೆ ತಾವೇ ಜೋಡಿಸಿಕೊಳ್ಳುವಂಥವು. ಬೆಸುಗೆ ಹಾಕಲು ಬರುವ ಕಾಲೇಜು ಹುಡುಗನೊಬ್ಬ ಮನೆಯಲ್ಲಿದ್ದರೆ ರಜೆಯ ದಿನಗಳಿಗೆ ಒಳ್ಳೆಯ ಉದ್ಯೋಗ. ದೀಪಗಳು ಕೆಲಸ ಮಾಡುತ್ತಿವೆಯೆ ಎಂದು ನೋಡಲು ಮೊಬೈಲು ಫೋನನ್ನು ಹಿಡಿಯಿರಿ. ಅನೇಕ ಫೋನುಗಳ ಕ್ಯಾಮೆರಾದಲ್ಲಿ ಅವು ನಸುನೇರಳೆಯಾಗಿ ಹೊಳೆಯುವುದು ಕಾಣುತ್ತದೆ.

ಈ ಎರಡು ಬಗೆಗಳಿಗೂ ಸಾಮಾನ್ಯವಾದ ಶತ್ರು ಬಿಸಿಲು. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿಯೂ ಹಳೆಯ ಮಾದರಿಯ ತಂತು ಬಲ್ಬಿನಲ್ಲಿಯೂ ಅವಕೆಂಪು ಕಿರಣ ತುಂಬಿರುತ್ತದೆ. ಪೆಟ್ಟಿಗೆಯನ್ನು ಕಿಟಕಿಗೆ ಎದುರಾಗಿ ಇಟ್ಟರೆ ಬಂದೂಕಿಗೆ ನಾಲ್ಕರ ಬದಲು ಐದಾರು ದೀಪಗಳು ಕಂಡು ತಬ್ಬಿಬ್ಬಾಗುತ್ತದೆ.

ಮೂರನೆಯದು ಅಂಚನ್ನು ನೋಡುವ ಬಗೆ. ಇಂಗ್ಲೆಂಡಿನ ಆಂಡಿ ಸಿಂಡನ್ ೨೦೧೯ರಲ್ಲಿ ಸಾರ್ವಜನಿಕರ ಮುಂಗಡ ಹಣದಿಂದ ಆರಂಭಿಸಿದ ‘ಸಿಂಡನ್ ಲೈಟ್‌ಗನ್’ ಇದರ ಮಾದರಿ. ಇಲ್ಲಿ ಬೇರೆ ದೀಪಗಳ ಗೊಡವೆಯಿಲ್ಲ. ಆಟದ ಚಿತ್ರದ ಸುತ್ತ ಪರದೆಯ ಮೇಲೆಯೇ ಒಂದು ಬಿಳಿಯ ಚೌಕಟ್ಟನ್ನು ಮೂಡಿಸುತ್ತಾರೆ. ಬಂದೂಕಿನ ಕ್ಯಾಮೆರಾ ಆ ಚೌಕಟ್ಟನ್ನು ಕಂಡು, ಕಂಪ್ಯೂಟರು ಅದರ ಓರೆಕೋರೆಗಳಿಂದ ಗುರಿಯನ್ನು ಎಣಿಸುತ್ತದೆ. ಗೋಡೆಗೆ ದೀಪ ಅಂಟಿಸಬೇಕಾಗಿಲ್ಲ, ಪೆಟ್ಟಿಗೆಗೆ ತೂತು ಕೊರೆಯಬೇಕಾಗಿಲ್ಲ. ಹಳೆಯ ಆಟಗಳ ಚಿತ್ರ ಇಂದಿನ ಅಗಲವಾದ ಪರದೆಯಲ್ಲಿ ಎರಡು ಕಡೆಯೂ ಜಾಗ ಬಿಡುವುದರಿಂದ ಚೌಕಟ್ಟಿಗೆ ಸ್ಥಳದ ಕೊರತೆಯೂ ಅಷ್ಟಾಗಿಲ್ಲ. ಆದರೆ ಕಣ್ಣೆದುರು ಸದಾ ಬಿಳಿಯ ಅಂಚು ಹೊಳೆಯುತ್ತಿರುವುದು ಕೆಲವರಿಗೆ ಸೇರದು. ಪರದೆಯ ಮುಂದೆ ಗಾಜು ಹಾಕಿಸಿದ್ದರೆ ಅದರಲ್ಲಿ ಕೋಣೆಯ ದೀಪಗಳ ಪ್ರತಿಬಿಂಬ ಬಿದ್ದು ಚೌಕಟ್ಟು ಒಡೆದಂತೆ ಕಂಡೀತು. ಚಿತ್ರಗಳನ್ನು ಎಣಿಸುವ ಹೊರೆ ಬೀಳುವುದರಿಂದ ಕಂಪ್ಯೂಟರೂ ತೀರ ದುರ್ಬಲವಾಗಿರಬಾರದು.

ಇವೆಲ್ಲದರ ಹೊರಗೆ, ಕಣ್ಣೇ ಇಲ್ಲದ ಬಂದೂಕೂ ಒಂದುಂಟು. ಟೈಟೊ ಕಂಪೆನಿಯ ೧೯೮೭ರ ‘ಆಪರೇಷನ್ ವುಲ್ಫ್’ ಯಂತ್ರದಲ್ಲಿದ್ದುದು ಅಂಥದೇ. ಹಲಗೆಗೆ ಭದ್ರವಾಗಿ ಕೀಲಿಸಿದ ಬಂದೂಕನ್ನು ಅತ್ತಿತ್ತ ತಿರುಗಿಸಿದಾಗ ಬುಡದಲ್ಲಿರುವ ಉಪಕರಣ ಅದರ ಕೋನವನ್ನು ಅಳೆಯುತ್ತದೆ. ಯಾವ ಪರದೆಯಾದರೂ, ಎಂಥ ಬಿಸಿಲಾದರೂ ಅದಕ್ಕೆ ಚಿಂತೆಯಿಲ್ಲ, ಗಟ್ಟಿಮುಟ್ಟು. ಆದರೆ ಹಲಗೆಯ ಜಾಗವನ್ನೆಲ್ಲ ಅದೇ ನುಂಗುವುದರಿಂದ ಪೆಟ್ಟಿಗೆ ಬೇರೆ ಆಟಗಳಿಗೆ ಒದಗುವುದು ಕಷ್ಟ. ಕೈಯಲ್ಲೆತ್ತಿ ಕಣ್ಣಿಗೆ ನೇರವಾಗಿ ಹಿಡಿಯುವ ಸಂತೋಷವೂ ಅದರಲ್ಲಿಲ್ಲ.

ಕೊಳ್ಳುವ ಮೊದಲು ಅಳತೆಪಟ್ಟಿ

ಬಂದೂಕಿನ ಕ್ಯಾಮೆರಾ ಕಾಣಬಲ್ಲ ಹರವು ಎಷ್ಟೆಂಬುದನ್ನು ಬಹಳ ಮಂದಿ ವಿಚಾರಿಸುವುದೇ ಇಲ್ಲ. ನಾಲ್ಕು ದೀಪಗಳ ಬಗೆಯಲ್ಲಿ ಬಳಕೆಯಲ್ಲಿರುವ ಒಂದು ಕ್ಯಾಮೆರಾದ ನೋಟ ಅಡ್ಡಡ್ಡವಾಗಿ ಸುಮಾರು ೩೩ ಡಿಗ್ರಿ ಮಾತ್ರ. ಒಂದು ಮೀಟರು ದೂರದಿಂದ ನೋಡಿದರೆ ಅದಕ್ಕೆ ಕಾಣುವುದು ೬೦ ಸೆಂಟಿಮೀಟರಿನಷ್ಟು ಅಗಲ. ೩೨ ಅಂಗುಲದ ಟೀವಿಯ ಅಗಲ ಸುಮಾರು ೭೧ ಸೆಂಟಿಮೀಟರು. ಅಂದರೆ ಒಂದು ಮೀಟರಿನಿಂದ ಪರದೆಯೇ ಪೂರ್ತಿ ಕಾಣದು. ಒಂದಂಚಿಗೆ ಗುರಿಯಿಟ್ಟಾಗ ಇನ್ನೊಂದಂಚಿನ ದೀಪ ನೋಟದಿಂದ ಜಾರಿಯೇ ಹೋಗುತ್ತದೆ. ಉಳಿದ ದೀಪಗಳಿಂದ ಲೆಕ್ಕ ಮಾಡಿಕೊಳ್ಳುವ ಜಾಣ್ಮೆ ಯಂತ್ರಕ್ಕಿದ್ದರೂ, ದೂರ ಹೆಚ್ಚಿದಷ್ಟೂ ನೆಮ್ಮದಿ ಹೆಚ್ಚು. ಸಾಮಾನ್ಯ ಆಟಗಳನ್ನು ಪೆಟ್ಟಿಗೆಗೆ ಒತ್ತಿ ನಿಂತು ಆಡುವುದು ವಾಡಿಕೆ. ಬಂದೂಕಿನ ಆಟಕ್ಕೆ ಎರಡು ಮೂರು ಹೆಜ್ಜೆ ಹಿಂದೆ ನಿಲ್ಲಬೇಕು.

ಆದ್ದರಿಂದ ಮೊದಲು ಅಳತೆಪಟ್ಟಿ ಹಿಡಿದು ಕೋಣೆಯನ್ನು ಅಳೆಯಿರಿ. ಆಟಗಾರ ನಿಲ್ಲುವ ಜಾಗಕ್ಕೂ ಪರದೆಗೂ ಒಂದೂವರೆ ಮೀಟರು ದೂರ ಸಿಗದ ಕೋಣೆಯಲ್ಲಿ ದೊಡ್ಡ ಪರದೆಯ ಆಸೆಯನ್ನು ಬಿಟ್ಟು ೨೪ ಅಂಗುಲಕ್ಕೆ ತೃಪ್ತಿಪಡುವುದು ಲೇಸು. ಅದರ ಅಗಲ ೫೩ ಸೆಂಟಿಮೀಟರು ಮಾತ್ರ. ಇಲ್ಲವೇ ಅಗಲನೋಟದ ಮಸೂರವುಳ್ಳ ಬಂದೂಕನ್ನು ಹುಡುಕಬೇಕು.

ಎರಡನೆಯ ಪ್ರಶ್ನೆ: ಮನೆಯವರು ಆಡಬಯಸುವ ಆಟಗಳು ಯಾವುವು? ಸೆಗಾ ಸಂಸ್ಥೆಯ ‘ವರ್ಚುವಾ ಕಾಪ್’, ‘ದಿ ಹೌಸ್ ಆಫ್ ದಿ ಡೆಡ್’ ಮುಂತಾದವುಗಳಲ್ಲಿ ಗುಂಡು ಮುಗಿದಾಗ ಪರದೆಯ ಹೊರಗೆ ಹೊಡೆದರೆ ಮತ್ತೆ ಗುಂಡು ತುಂಬಿಕೊಳ್ಳುತ್ತದೆ. ಹೊರಗೆ ಹೊಡೆದುದನ್ನು ಅರಿಯಲಾರದ ಬಂದೂಕು ಇಲ್ಲಿ ನಿರುಪಯೋಗಿ. ಕೊನೆಯಪಕ್ಷ ಆ ಕೆಲಸಕ್ಕೆ ಬೇರೊಂದು ಗುಂಡಿಯಾದರೂ ಬೇಕು. ‘ಟೈಮ್ ಕ್ರೈಸಿಸ್’ ಆಟದಲ್ಲಿ ಕಾಲಿನ ಪೆಡಲನ್ನು ಒತ್ತಿದಾಗ ನಾಯಕ ಮರೆಯಿಂದ ಹೊರಬರುತ್ತಾನೆ, ಬಿಟ್ಟಾಗ ಅವಿತುಕೊಳ್ಳುತ್ತಾನೆ. ಆ ಪೆಡಲಿಲ್ಲದೆ ಆಟದ ಅರ್ಧ ರುಚಿ ಹೋದಂತೆ. ‘ಆಪರೇಷನ್ ವುಲ್ಫ್’ ಆಟದಲ್ಲಿ ಕೈಬಾಂಬಿಗೆ ಇನ್ನೊಂದು ಗುಂಡಿ ಬೇಕು. ಆಟಗಳ ಪಟ್ಟಿಯನ್ನು ಮೊದಲು ಬರೆದು, ಬಂದೂಕಿನ ಗುಂಡಿಗಳನ್ನು ಆಮೇಲೆ ಎಣಿಸಿರಿ.

ಮೂರನೆಯದು, ಬಂದೂಕು ಒಂದೋ ಎರಡೋ? ಈ ಆಟಗಳ ನಿಜವಾದ ಸೊಗಸು ಇಬ್ಬರು ಜೊತೆಗೂಡಿ ಆಡುವುದರಲ್ಲಿದೆ. ಆದರೆ ಕಂಪ್ಯೂಟರು ಬಂದೂಕನ್ನು ಸಾಮಾನ್ಯವಾಗಿ ಮೌಸ್ ಎಂದೇ ತಿಳಿಯುತ್ತದೆ. ಎರಡು ಮೌಸುಗಳನ್ನು ಜೋಡಿಸಿದರೂ ಪರದೆಯ ಮೇಲೆ ಬಾಣದ ಗುರುತು ಒಂದೇ. ಇಬ್ಬರ ಬಂದೂಕನ್ನೂ ಬೇರೆಬೇರೆಯಾಗಿ ಗುರುತಿಸುವ ಏರ್ಪಾಡು ತಾವು ಬಳಸುವ ತಂತ್ರಾಂಶದಲ್ಲಿ ಇದೆಯೆ ಎಂದು ಮೊದಲೇ ನೋಡಿಕೊಳ್ಳಬೇಕು. ಹಳೆಯ ಯಂತ್ರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸುವ, ೧೯೯೭ರಿಂದ ಬೆಳೆದುಬಂದಿರುವ ‘ಮೇಮ್’ ತಂತ್ರಾಂಶದಲ್ಲಿ ಆ ಏರ್ಪಾಡಿದೆ. ಪ್ರಸ್ತಾಪ ಬಂದುದರಿಂದ ಇನ್ನೊಂದು ಮಾತು: ಅನುಕರಿಸುವ ತಂತ್ರಾಂಶ ಮುಕ್ತವಾಗಿ ಸಿಕ್ಕಿದರೂ ಆಟಗಳ ಹಕ್ಕು ಅವುಗಳನ್ನು ಮಾಡಿದವರದು. ಹಕ್ಕುದಾರರಿಂದ ಕೊಂಡ ಪ್ರತಿಯೇ ಮರ್ಯಾದೆಯ ಮಾರ್ಗ.

ನಾಲ್ಕನೆಯದು ಒದೆತ. ಹೊಡೆದಾಗ ಕೈಯಲ್ಲಿ ಕುಲುಕುವಂತೆ ಮಾಡುವ ವಿದ್ಯುತ್ಕಾಂತವನ್ನು ಕೆಲವು ಬಂದೂಕುಗಳಲ್ಲಿ ಇಟ್ಟಿರುತ್ತಾರೆ. ಆಟದ ಅನುಭವ ಅದರಿಂದ ಹೆಚ್ಚುವುದು ನಿಜ. ಬೆಲೆಯೂ ತೂಕವೂ ಸದ್ದೂ ಹೆಚ್ಚುತ್ತವೆ. ಎಂಟು ವರ್ಷದ ಹುಡುಗಿ ಹತ್ತು ನಿಮಿಷ ಎತ್ತಿ ಹಿಡಿಯಲಾರದ ಬಂದೂಕು ಮನೆಯ ಬಂದೂಕಲ್ಲ. ವಠಾರದಲ್ಲಿ ವಾಸಿಸುವವರು ಪಕ್ಕದ ಮನೆಯವರ ನಿದ್ರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಷ್ಟೆ.

ಕೊನೆಯದಾಗಿ, ಗುಂಡು ತಡವಾಗಿ ಬೀಳುತ್ತಿದೆಯೆಂದು ತೋರಿದರೆ ಬಂದೂಕನ್ನು ದೂರುವ ಮೊದಲು ಟೀವಿಯ ‘ಗೇಮ್ ಮೋಡ್’ ಹಾಕಿ ನೋಡಿರಿ. ಚಿತ್ರವನ್ನು ಹಸನುಗೊಳಿಸುವ ಕೆಲಸವನ್ನು ಟೀವಿ ಕಡಿಮೆ ಮಾಡಿದರೆ ಆ ತಡ ಬಹುಮಟ್ಟಿಗೆ ಇಳಿಯುತ್ತದೆ. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

ಹಿರಿಯರಿಗೆ ಎರಡು ಮಾತು

ಆಟಿಕೆಯಾದರೂ ಬಂದೂಕು ಬಂದೂಕೇ. ನಿಂಟೆಂಡೊದ ಬಂದೂಕು ಅಮೆರಿಕಕ್ಕೆ ಮೊದಲು ಬಂದಾಗ ಬೂದುಬಣ್ಣದ್ದಾಗಿತ್ತು. ಆಟಿಕೆ ಬಂದೂಕುಗಳನ್ನು ನಿಜವಾದುವೆಂದು ಭ್ರಮಿಸಬಾರದೆಂದು ಅಲ್ಲಿನ ಸರಕಾರ ೧೯೮೮ರಲ್ಲಿ ಶಾಸನ ಮಾಡಿ, ಅವುಗಳಿಗೆ ಎದ್ದುಕಾಣುವ ಕಿತ್ತಳೆ ಬಣ್ಣದ ಗುರುತನ್ನು ಕಡ್ಡಾಯಗೊಳಿಸಿತು. ಆ ಬಂದೂಕು ಸಹ ಅದೇ ಸುಮಾರಿಗೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಕಪ್ಪು ಬಣ್ಣದ, ನಿಜದಂತೆಯೇ ಕಾಣುವ ಬಂದೂಕುಗಳು ಇಂದೂ ಮಾರಾಟಕ್ಕಿವೆ. ಮಕ್ಕಳಿರುವ ಮನೆಗೆ ಕೆಂಪು, ನೀಲಿ, ಕಿತ್ತಳೆ ಬಣ್ಣದ್ದೇ ಶ್ರೇಯಸ್ಕರ. ಆಟ ಮುಗಿದೊಡನೆ ಅದು ಪೆಟ್ಟಿಗೆಯ ಪಕ್ಕದ ಚೀಲಕ್ಕೆ ಸೇರಬೇಕು, ಬೀದಿಗೆ ಹೋಗಬಾರದು ಎಂಬ ನಿಯಮವನ್ನು ಮೊದಲ ದಿನವೇ ಹಾಕಿರಿ.

ಆಟಗಳಲ್ಲಿಯೂ ತರತಮವುಂಟು. ರಕ್ತಪಾತದವೂ ಇವೆ, ತಟ್ಟೆ, ಡಬ್ಬ, ರಟ್ಟಿನ ಬೊಂಬೆಗಳಿಗೆ ಗುರಿಯಿಡುವ, ನಾಮ್ಕೊ ಸಂಸ್ಥೆಯ ೧೯೯೪ರ ‘ಪಾಯಿಂಟ್ ಬ್ಲಾಂಕ್’ನಂಥ ನಗೆಯಾಟಗಳೂ ಇವೆ. ಎರಡನೆಯವುಗಳಿಂದ ಆರಂಭಿಸಿದರೆ ಅಜ್ಜಿಯೂ ಬಂದು ಒಂದು ಕೈ ನೋಡಿಯಾರು. ಹೊಡೆದಾಗಲೆಲ್ಲ ಪರದೆ ಮಿಂಚುವ ಆಟಗಳಿಂದ, ಮಿನುಗುವ ಬೆಳಕಿಗೆ ಮೂರ್ಛೆ ಬರುವ ಪ್ರಕೃತಿಯವರಿಗೆ ಅಪಾಯವುಂಟು. ಮನೆಯಲ್ಲಿ ಅಂಥವರಿದ್ದರೆ ವೈದ್ಯರನ್ನು ಕೇಳದೆ ಮುಂದುವರಿಯಬಾರದು.

ಒಟ್ಟಿನಲ್ಲಿ ಆಯ್ಕೆಯ ಕ್ರಮ ಹೀಗೆ: ಮೊದಲು ಕೋಣೆ, ಆಮೇಲೆ ಪರದೆ, ಅನಂತರ ಆಟಗಳ ಪಟ್ಟಿ, ಎಲ್ಲಕ್ಕೂ ಕೊನೆಗೆ ಬಂದೂಕು. ಕೊಳವೆಯ ಟೀವಿ ಮತ್ತು ಹಳೆಯ ಯಂತ್ರವಿದ್ದರೆ ಅವುಗಳ ಕಾಲದ್ದೇ ಬಂದೂಕು. ಚಪ್ಪಟೆ ಪರದೆಗೆ, ಪೆಟ್ಟಿಗೆಯನ್ನು ಕೊರೆಯಲು ಮನಸ್ಸಿಲ್ಲದವರಿಗೆ ಅಂಚನ್ನು ನೋಡುವ ಬಂದೂಕು. ಕೈಕೆಲಸ ಬಲ್ಲವರಿಗೆ, ಅತ್ತಿತ್ತ ಸರಿದಾಡುತ್ತ ಆಡುವವರಿಗೆ ನಾಲ್ಕು ದೀಪಗಳದ್ದು. ನಿಂತಲ್ಲಿಯೇ ಆಡುವ ಸರಳ ಮನೆಗೆ ಎರಡು ದೀಪಗಳದ್ದು. ಬಲೂನಿನ ಅಂಗಡಿಯವನು ತನ್ನ ಬಂದೂಕಿನ ಗುರಿಯನ್ನು ಕೊಂಚ ಸೊಟ್ಟಗೆ ಇಟ್ಟಿರುತ್ತಾನೆಂಬುದು ಜಾತ್ರೆಗೆ ಹೋಗುವವರ ಹಳೆಯ ಗುಮಾನಿ. ಮನೆಯ ಪೆಟ್ಟಿಗೆಯಲ್ಲಿ ಆ ಗುಮಾನಿಗೆ ಆಸ್ಪದವಿರಬಾರದು. ಕೊಳ್ಳುವ ಮುನ್ನ ಪರದೆಗೂ ಬಂದೂಕಿಗೂ ಜಾತಕ ಕೂಡಿದ್ದರೆ, ಗುರಿ ತಪ್ಪಿದಾಗ ಆ ನಾಯಿ ನಗುವುದು ನ್ಯಾಯವಾಗಿಯೇ ಇರುತ್ತದೆ!